ಅಕ್ಕನ ಕೈಯಿದ್ದ ಮೇಲೆ

ಆ ಬೀದಿಯವರೆಲ್ಲ ಅವಳನ್ನು ಮಾಲೀಶಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ. ಇಸ್ತ್ರಿ ಅಂಗಡಿಯ ಪಕ್ಕದಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಇಕ್ಕಟ್ಟಾದ ಮೆಟ್ಟಿಲು. ಅದನ್ನು ಹತ್ತಿದರೆ ಎರಡು ಕೋಣೆ. ಮುಂದಿನದರಲ್ಲಿ ಕೆಲಸ, ಹಿಂದಿನದರಲ್ಲಿ ವಾಸ, ನಡುವೆ ಒಂದು ನೀಲಿ ಪರದೆ. ಬೆನ್ನು ಹಿಡಿದುಕೊಂಡವರು, ಸೊಂಟ ಹಿಡಿದುಕೊಂಡವರು ಆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅರ್ಧ ಜೀವವಾಗಿರುತ್ತಿದ್ದರು. "ಕೆಳಗಡೆ ಎಲ್ಲಾದ್ರೂ ಒಂದು ಕೋಣೆ ನೋಡಬಾರದಾ ಅಕ್ಕ?" ಎಂದು ಯಾರಾದರೂ ಏದುಸಿರು ಬಿಟ್ಟರೆ, "ಯಾಕೆ ನೋಡ್ಲಿ? ನೀವು ಹತ್ತಿ ಬರೋ ಸದ್ದು ಕೇಳಿದ್ರೇ ನನಗೆ ಅರ್ಧ ಕಾಯಿಲೆ ಗೊತ್ತಾಗುತ್ತೆ" ಎನ್ನುತ್ತಿದ್ದಳು.

ಕೆಲಸದ ಕೋಣೆಯಲ್ಲಿ ಎತ್ತರದ ಒಂದು ಮಂಚ, ಅದರ ಮೇಲೆ ಒಗೆದು ಒಗೆದು ಮೆತ್ತಗಾದ ಹೊದಿಕೆ, ಬಿಸಿನೀರಿನ ಪಾತ್ರೆಯೊಳಗೆ ಕುತ್ತಿಗೆಯವರೆಗೆ ಮುಳುಗಿ ಕೂತ ಎಣ್ಣೆಯ ಬಾಟಲಿ. ಬಂದವರನ್ನು ಅವಳು ಎಲ್ಲಿ ನೋವು ಎಂದು ಕೇಳುತ್ತಿರಲಿಲ್ಲ. "ನೋವು ಎಲ್ಲಿದೆ ಅಂತ ನನ್ನ ಬೆರಳು ಹುಡುಕಿಕೊಳ್ಳುತ್ತೆ. ಅದು ಹೋದ್ಮೇಲೆ ನೀವು ಏನು ಮಾಡ್ಬೇಕು ಅಂತಿದ್ದೀರಿ, ಅದು ಹೇಳಿ" ಎನ್ನುತ್ತಿದ್ದಳು. ಜನ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಆಮೇಲೆ ಬಾಯಿಂದ ಬರುತ್ತಿದ್ದ ಮಾತುಗಳೇ ಬೇರೆ. ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು, "ನನ್ನ ಬೂಟಿನ ಲೇಸು ನಾನೇ ಕಟ್ಕೋಬೇಕಮ್ಮ. ಈಗ ಸೊಸೆ ಕಟ್ತಾಳೆ. ಪಾಪ, ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ. ಆದ್ರೆ ಅವಳು ನನ್ನ ಕಾಲ ಹತ್ತಿರ ಬಗ್ಗಿದಾಗೆಲ್ಲ ನನಗೆ ನೆಲ ಬಾಯಿ ಬಿಡಬಾರದಾ ಅನ್ಸುತ್ತೆ" ಎಂದಿದ್ದರು. ಟೀಚರೊಬ್ಬರಿಗೆ ಕಪ್ಪುಹಲಗೆಯ ಮೇಲಿನ ಸಾಲಿನಲ್ಲಿ ಬರೆಯಬೇಕಾಗಿತ್ತು. ಹೊಸದಾಗಿ ತಾಯಿಯಾದವಳೊಬ್ಬಳಿಗೆ ಅಳುವ ಮಗುವನ್ನು ತೊಟ್ಟಿಲಿನಿಂದ ತಾನೇ ಎತ್ತಿಕೊಳ್ಳಬೇಕಾಗಿತ್ತು.

ಆ ಆಸೆಯನ್ನು ಅವಳು ಮರೆಯುತ್ತಿರಲಿಲ್ಲ. ಅದನ್ನೇ ಹಿಡಿದು ಜನರನ್ನು ದುಡಿಸುತ್ತಿದ್ದಳು. ಉಜ್ಜಿ, ಒತ್ತಿ, ಗಂಟು ಬಿಡಿಸಿದ ಮೇಲೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ತೋರಿಸಿ ಕಳಿಸುವಳು. ಮುಂದಿನ ಸಲ ಬಂದಾಗ ಮಂಚದ ಮೇಲೆ ಮಲಗಿಸಿ ಮುಟ್ಟಿ ನೋಡಿದರೆ ಸಾಕು, ಬಂಡವಾಳ ಬಯಲಾಗುತ್ತಿತ್ತು.

"ಮಾಡಿಲ್ಲ ಅಲ್ವಾ?"

"ಅಯ್ಯೋ, ಮಾಡಿದೆ ಅಕ್ಕ!"

"ನಿಮ್ಮ ಬಾಯಿ ಮಾಡಿದೆ ಅನ್ನುತ್ತೆ, ಬೆನ್ನು ಇಲ್ಲ ಅನ್ನುತ್ತೆ. ನಾನು ಯಾರ ಮಾತು ನಂಬಲಿ?"

ಮತ್ತೆ ಮತ್ತೆ ಹಾಗೇ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, "ನೀವು ಸುಖಕ್ಕೆ ಬರ್ತಿದ್ದೀರಿ, ಗುಣಕ್ಕಲ್ಲ. ನನಗೆ ಕೆಲಸ ಇದೆ" ಎಂದು ವಾಪಸ್ಸು ಕಳಿಸಿದ್ದೂ ಉಂಟು. ಅವಳು ಮೊದಲು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಆಮೇಲೆ ಓಟಗಾರರ ಕ್ಲಬ್ಬೊಂದರಲ್ಲಿ ಸೇರಿಕೊಂಡು ಅಲ್ಲಿನ ಹಿರಿಯ ಹೆಂಗಸೊಬ್ಬರಿಂದ ಈ ವಿದ್ಯೆ ಕಲಿತಳು. ಅಲ್ಲಿ ಓಡುವವರು ಮಾಲೀಶು ಮುಗಿದ ಕೂಡಲೇ ಎದ್ದು ಮತ್ತೆ ಓಡುತ್ತಿದ್ದರು. ಮೈಯನ್ನು ಸರಿಮಾಡಿಕೊಳ್ಳುವುದು ಮೈಯ ಯಜಮಾನರದೇ ಕೆಲಸ, ತನ್ನದು ಜೊತೆಗೆ ನಿಲ್ಲುವ ಕೆಲಸ ಎಂಬುದು ಅವಳಿಗೆ ಅಲ್ಲಿಯೇ ಮನದಟ್ಟಾಗಿತ್ತು. ಇಷ್ಟೆಲ್ಲ ಗೊತ್ತಿದ್ದವಳು ತನ್ನ ತಮ್ಮನ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಮರೆತಳು.

ತಮ್ಮ ಅವಳಿಗಿಂತ ತುಂಬ ಚಿಕ್ಕವನು. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ತುತ್ತು ಮಾಡಿ ತಿನ್ನಿಸಿದ್ದು, ಮೂಗು ಒರೆಸಿದ್ದು, ಅಂಗಿಯ ಗುಂಡಿ ಹಾಕಿದ್ದು ಎಲ್ಲ ಅವಳೇ. ಗುಂಡಿ ಹಾಕಿಕೊಳ್ಳುವುದನ್ನು ಅವನು ತಡವಾಗಿ ಕಲಿತ. ಕಲಿಯುವ ಅಗತ್ಯವೇ ಬೀಳುವಂತಿರಲಿಲ್ಲ. ಅವನು ತಡಕಾಡುವ ಮೊದಲೇ ಅಕ್ಕನ ಕೈ ಅಲ್ಲಿರುತ್ತಿತ್ತು. ದೊಡ್ಡವನಾದ ಮೇಲೆ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಆದ. ಎಲ್ಲಿ ನೋಡಿದರೂ ದಪ್ಪ ದಪ್ಪ ಅಕ್ಷರ ಬರೆಯುತ್ತಿದ್ದನಾದ್ದರಿಂದ ಗೆಳೆಯರು ಅವನಿಗೆ ದಪ್ಪಕ್ಷರ ಎಂದು ಹೆಸರಿಟ್ಟಿದ್ದರು. ಆಳು ಮಾತ್ರ ಕಡ್ಡಿ. ಮದುವೆಯಾಗಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಬಣ್ಣದ ಅಂಗಡಿಯ ಮಹಡಿಯಲ್ಲಿ ಕೋಣೆ ಮಾಡಿಕೊಂಡಿದ್ದ. ಕೆಲಸವಿಲ್ಲದ ದಿನ ಅಕ್ಕನ ಮನೆಗೆ ಬಂದು, ಉಂಡು, ಗದ್ದಲ ಮಾಡಿ, ಸಂಜೆಯಾಗುವ ಮೊದಲೇ ಹೊರಟುಬಿಡುತ್ತಿದ್ದ. ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದ ಅಕ್ಕನಿಗೆ ಅವನು ಬಂದುಹೋದ ಮೇಲೆ ಆ ಎರಡು ಕೋಣೆಗಳು ಇನ್ನಷ್ಟು ದೊಡ್ಡವಾಗಿ ಕಾಣುತ್ತಿದ್ದವು.

ಒಂದು ಬೆಳಿಗ್ಗೆ ಔಷಧಿ ಅಂಗಡಿಯ ಮೇಲೆ ಬೋರ್ಡು ಬರೆಯುತ್ತಿದ್ದಾಗ ಅವನ ಏಣಿ ಜಾರಿತು. ಬಲ ಭುಜ ನೆಲಕ್ಕೆ ಅಪ್ಪಳಿಸಿ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ತೋಳನ್ನು ಎದೆಗೆ ಕಟ್ಟಿ, ಕೊರಳಿಗೆ ಪಟ್ಟಿ ಹಾಕಿ ಕಳಿಸಿದರು. ಅಕ್ಕ ಟ್ಯಾಕ್ಸಿ ಮಾಡಿಸಿ ನೇರವಾಗಿ ತನ್ನ ಮನೆಗೇ ಕರೆದುಕೊಂಡು ಬಂದಳು. ಹಿಂದಿನ ಕೋಣೆಯ ಮಂಚ ಅವನಿಗಾಯಿತು, ತಾನು ನೆಲದ ಮೇಲೆ ಹಾಸಿಕೊಂಡಳು.

ಮೂಳೆ ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚಿದರು. ತೋಳು ಮರಗಟ್ಟಿದಂತಿತ್ತು. ಆಸ್ಪತ್ರೆಯವರು, ಇನ್ನು ದಿನಾ ಬಂದು ವ್ಯಾಯಾಮ ಮಾಡಬೇಕು, ನೋವಾಗುತ್ತದೆ, ನೋವಾದರೂ ಬಿಡಬಾರದು ಎಂದರು. ಅವನು ಹೋದ. ಮತ್ತೆ ಹೋದ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಬಂದು ಕೂತ.

"ಅಲ್ಲಿ ಬೆಂಚಿನ ಮೇಲೆ ಕಾದು ಕಾದು ಸೊಂಟ ಬೀಳುತ್ತೆ. ಆಮೇಲೆ ಒಂದು ಹಗ್ಗ ಕೊಟ್ಟು ಎಳಿ ಅಂತಾರೆ. ಎಳೆದ್ರೆ ಕಣ್ಣಲ್ಲಿ ನಕ್ಷತ್ರ ಕಾಣುತ್ತೆ. ಅಕ್ಕನ ಕೈಯಿದ್ದ ಮೇಲೆ ನನಗೆ ಅವರ ಹಗ್ಗ ಯಾಕೆ?"

ಆ ಮಾತು ಕೇಳಿ ಅಕ್ಕನಿಗೆ ಹಿಗ್ಗಾಯಿತು. ಊರಿನವರ ಭುಜವನ್ನೆಲ್ಲ ಸರಿಮಾಡಿದವಳು ತಮ್ಮನ ಭುಜ ಸರಿಮಾಡಲಾರೆನೇ ಎಂದುಕೊಂಡಳು. "ಬೇಡ ಬಿಡು, ನಾನೇ ನೋಡ್ಕೋತೀನಿ" ಎಂದುಬಿಟ್ಟಳು. ಮುಂದೆ ಎಷ್ಟೋ ಸಲ ಆ ಗಳಿಗೆಯನ್ನು ನೆನೆದು ನಾಲಿಗೆ ಕಚ್ಚಿಕೊಂಡಳು.

ದಿನವೂ ಕೆಲಸ ಮುಗಿದ ಮೇಲೆ ಅವನನ್ನು ಕೂರಿಸಿ ಬೆಚ್ಚಗಿನ ಎಣ್ಣೆ ಹಚ್ಚಿ ಭುಜ, ರೆಕ್ಕೆಮೂಳೆ, ಕುತ್ತಿಗೆಯನ್ನು ತಿಕ್ಕುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು ಹಳೆಯ ಕತೆ ಹೇಳುತ್ತಿದ್ದ. ಬೇಕರಿಯ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿ ಯಜಮಾನ ಬ್ರೆಡ್ಡು ಕೊಯ್ಯುವ ಚಾಕು ಹಿಡಿದು ಅಟ್ಟಿಸಿಕೊಂಡು ಬಂದದ್ದು, ಒಬ್ಬ ದಂತವೈದ್ಯ ಬೋರ್ಡಿನ ಮೇಲೆ ಹಲ್ಲಿನ ಚಿತ್ರ ಬರೆಸಿ "ಇದು ನಗ್ತಾ ಇಲ್ಲವಲ್ಲ" ಎಂದದ್ದು. ಅಕ್ಕ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಕೊನೆಗೆ, "ಎಲ್ಲಿ, ಈಗ ಗೋಡೆ ಮೇಲೆ ಬೆರಳಿಟ್ಟು ಮೇಲಕ್ಕೆ ಹತ್ತಿಸು ನೋಡೋಣ" ಎಂದರೆ ಅವನು ಎರಡು ಗೇಣು ಹತ್ತಿಸುವಷ್ಟರಲ್ಲಿ "ಅಕ್ಕಾ!" ಎಂದು ಚೀರುತ್ತಿದ್ದ. ಚಿಕ್ಕವನಿದ್ದಾಗ ಮಂಡಿ ತರಚಿಕೊಂಡು ಕೂಗುತ್ತಿದ್ದನಲ್ಲ, ಅದೇ ದನಿ. ಅದನ್ನು ಕೇಳಿದರೆ ಅವಳು ಕರಗಿಬಿಡುತ್ತಿದ್ದಳು. "ಆಯ್ತು, ಆಯ್ತು. ಇವತ್ತಿಗೆ ಸಾಕು. ನಾಳೆ ನೋಡೋಣ" ಎಂದು ತಾನೇ ಆ ತೋಳನ್ನು ಹಿಡಿದು ಕೆಳಗಿಳಿಸುತ್ತಿದ್ದಳು. ನಾಳೆಯೂ ಅದೇ. ಅಂಗಿಯ ತೋಳು ಏರಿಸುವುದು, ತಲೆ ಬಾಚುವುದು, ತಟ್ಟೆ ತೊಳೆಯುವುದು ಯಾವುದನ್ನೂ ಅವಳು ಅವನಿಗೆ ಬಿಡಲಿಲ್ಲ. ಹೊರಗಿನವರ ಮುಂದೆ ಅಷ್ಟು ಗಟ್ಟಿಯಾಗಿದ್ದ ಹೆಂಗಸು ಪರದೆ ಸರಿಸಿ ಒಳಗೆ ಬಂದಳೆಂದರೆ ಬೆಣ್ಣೆ.

ಮರುಕ ಒಂದೇ ಆಗಿದ್ದರೆ ಅದೊಂದು ಮಾತು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಆಗ ತನಗೇ ಹೇಳಿಕೊಂಡಿರಲಿಲ್ಲ. ಮೆಟ್ಟಿಲು ಹತ್ತುವಾಗ ಒಳಗಿನಿಂದ ರೇಡಿಯೋ ಕೇಳಿಸುತ್ತಿತ್ತು. ಚಹಾ ಮಾಡಿದರೆ ಎರಡು ಲೋಟ ಬೇಕಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಬೈಯಲು ಒಬ್ಬ ಮನುಷ್ಯ ಇರುತ್ತಿದ್ದ. ತೋಳು ಸರಿಹೋದ ದಿನ ಅವನು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಡುತ್ತಾನೆ. ಆ ದಿನ ಬೇಗ ಬರಲಿ ಎಂದು ಅವಳು ಬಾಯಲ್ಲಿ ಹೇಳುತ್ತಿದ್ದಳು. ಬಂದರೆ ತಾಳಿಕೊಳ್ಳುವಷ್ಟು ಗಟ್ಟಿ ಮನಸ್ಸು ಇರಲಿಲ್ಲ.

ಆ ಹೊತ್ತಿಗೆ ಬಂದವಳು ಬಸ್ ಕಂಡಕ್ಟರ್. ಡ್ರೈವರ್ ದಿಢೀರನೆ ಬ್ರೇಕ್ ಹಾಕಿದಾಗ ಬಸ್ಸಿನೊಳಗೇ ಬಿದ್ದು ಅವಳ ಭುಜವೂ ಮುರಿದಿತ್ತು. ಅವಳೂ ಪಟ್ಟಿ ಬಿಚ್ಚಿಸಿಕೊಂಡು, ಮರಗಟ್ಟಿದ ತೋಳಿನೊಂದಿಗೆ ಬಂದಿದ್ದಳು. ಬಸ್ಸಿನಲ್ಲಿ ಕೂಗಿ ಕೂಗಿ ದಪ್ಪಗಾದ ಗಂಟಲು, ಬಾಯಿ ಬೊಂಬಾಯಿ.

"ಏನು ಮಾಡ್ಬೇಕು ಅಂತ ಆಸೆ?" ಎಂದು ಮಾಲೀಶಕ್ಕ ಕೇಳಿದಳು.

"ಮೊದಲು ನನ್ನ ತುರುಬು ನಾನೇ ಕಟ್ಕೋಬೇಕು. ಈಗ ಗಂಡ ಕಟ್ತಾನೆ. ಅವನು ಗೋದಾಮಲ್ಲಿ ಮೂಟೆ ಕಟ್ಟೋನು. ನನ್ನ ತಲೆಯನ್ನೂ ಮೂಟೆ ಅಂದ್ಕೊಂಡಿದ್ದಾನೆ."

"ಆಮೇಲೆ?"

"ಆಮೇಲೆ ಬಸ್ಸಿಗೆ ಹೋಗ್ಬೇಕು. ಈ ಕೈಯಲ್ಲಿ ಮೇಲಿನ ಕಂಬಿ ಹಿಡ್ಕೊಂಡು ಆ ಕೈಯಲ್ಲಿ ಟಿಕೆಟ್ ಕೊಡ್ಬೇಕು. ಆಫೀಸಿನಲ್ಲಿ ಕೂತ್ಕೋ ಅಂತಾರೆ. ಕೂತ್ರೆ ನಾನು ಸತ್ತೇ ಹೋಗ್ತೀನಿ."

ಮಾಲೀಶಕ್ಕ ಅವಳ ಆಸ್ಪತ್ರೆಯ ಚೀಟಿ ನೋಡಿ, "ಅಲ್ಲಿಗೆ ಹೋಗೋದು ನಿಲ್ಲಿಸಬಾರದು. ಅಲ್ಲಿ ಹೇಳಿಕೊಟ್ಟದ್ದನ್ನ ಮನೇಲೂ ಮಾಡ್ಬೇಕು. ನೀವು ಮಾಡಿದ ದಿನ ಮಾತ್ರ ನಾನು ಮುಟ್ಟೋದು" ಎಂದಳು. ಪರದೆಯ ಆಚೆ ಮಲಗಿದ್ದ ತಮ್ಮ ಇದನ್ನು ಕೇಳಿಸಿಕೊಂಡ.

ಕಂಡಕ್ಟರ್ ಮಾಡಿದಳು. ಬೈಯುತ್ತ ಬೈಯುತ್ತ ಮಾಡಿದಳು. ಒಲೆಯ ಮೇಲೆ ನೀರು ಕಾಯುವಷ್ಟು ಹೊತ್ತು ಬಗ್ಗಿ ನಿಂತು ತೋಳನ್ನು ತೂಗುಯ್ಯಾಲೆಯಂತೆ ತೂಗಿದಳು. ಬಾಗಿಲ ಮೇಲೆ ಹಗ್ಗ ಇಳಿಬಿಟ್ಟು, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಎಳೆದಳು. ಸಂಬಳದ ವಿಚಾರಕ್ಕೆ ಡಿಪೋಗೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ನಿಂತಳು, ಡ್ರೈವರುಗಳು "ಏನಕ್ಕ, ಹಲ್ಲಿ ಹಿಡೀತಿದ್ದೀಯಾ?" ಎಂದು ನಕ್ಕರೆ ಅವರಿಗೂ ಒಂದಿಷ್ಟು ಬೈಗುಳ ಹಂಚಿದಳು. ಹೀಗೆ ಎಳೆದು ಎಳೆದು ಸ್ನಾಯುವೆಲ್ಲ ಗಂಟಾಗಿ, ಮುಖ ಕಿವುಚಿಕೊಂಡು ಮಂಚ ಹತ್ತುತ್ತಿದ್ದಳು. ಮಾಲೀಶಕ್ಕ ನಿಧಾನವಾಗಿ, ಉಸಿರು ನೋಡಿಕೊಂಡು, ಒಂದೊಂದೇ ಗಂಟನ್ನು ಬಿಡಿಸುತ್ತಿದ್ದಳು. ಭುಜ ಸಡಿಲವಾದ ಮೇಲೆ ಇಬ್ಬರೂ ಸೇರಿ ತೋಳನ್ನು ನಿನ್ನೆಗಿಂತ ಒಂದು ಕೂದಲಿನಷ್ಟು ಮೇಲಕ್ಕೆ ಒಯ್ಯುತ್ತಿದ್ದರು.

"ಬಿಡಿ ಅಕ್ಕ, ಬಿಡಿ! ನಿಮಗೆ ಕರುಣೆ ಅನ್ನೋದೇ ಇಲ್ವಾ?"

"ಕರುಣೆ ಬೇಕಾದ್ರೆ ನಿಮ್ಮ ಪಕ್ಕದ ಮನೆಯವರ ಹತ್ರ ಹೋಗಿ. ಉಸಿರು ಬಿಡಿ. ಇನ್ನೊಂಚೂರು."

ಕೆಲವು ದಿನ ತೋಳು ಹಿಂದಕ್ಕೇ ಹೋದಂತಾಗಿ ಕಂಡಕ್ಟರ್ ಅತ್ತದ್ದೂ ಇತ್ತು. ಆಗ ಮಾಲೀಶಕ್ಕ ಸಮಾಧಾನದ ಮಾತಾಡದೆ, "ತುರುಬು ಯಾರು ಕಟ್ಟಿದ್ರು ಇವತ್ತು?" ಎಂದು ಕೇಳುತ್ತಿದ್ದಳು. "ಮೂಟೆಯವನು" ಎಂದು ಕಣ್ಣೊರೆಸಿಕೊಂಡು ಅವಳು ಮತ್ತೆ ಗೋಡೆಯ ಹತ್ತಿರ ನಿಲ್ಲುತ್ತಿದ್ದಳು.

ಪರದೆಯ ಆಚೆಯಿಂದ ತಮ್ಮ ಮೊದಮೊದಲು ನಗುತ್ತಿದ್ದ. ಬರಬರುತ್ತ ನಗು ನಿಂತಿತು. ಅಕ್ಕ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಕಂಡಕ್ಟರ್ ಮೆಟ್ಟಿಲನ್ನು ದಡದಡನೆ ಹತ್ತಿ ಬಂದು, ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಳು. ತಲೆಯ ಹಿಂದೆ ತುರುಬು. ಒಂದು ಕಡೆಗೆ ವಾಲಿತ್ತು, ಕೂದಲು ಅಲ್ಲಲ್ಲಿ ಬಿಟ್ಟುಕೊಂಡಿತ್ತು.

"ನೋಡಿ ಅಕ್ಕ! ಸೊಟ್ಟಗಿದೆ. ಆದ್ರೆ ನಂದೇ ಕೈ!"

ಮಾಲೀಶಕ್ಕ ಹತ್ತಿರ ಬಂದಳು. ಆ ಸೊಟ್ಟ ತುರುಬನ್ನು ಒಮ್ಮೆ ಮುಟ್ಟಿ ನೋಡಿ, ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳನ್ನು ಕಳಿಸಿ, ಅದೇ ಖುಷಿಯಲ್ಲಿ ಪರದೆ ಸರಿಸಿ ಒಳಗೆ ಬಂದಳು.

ತಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದ. ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಊರಿದ್ದ. ಅವು ಎದೆಯ ಮಟ್ಟಕ್ಕೆ ಬಂದು ನಿಂತಿದ್ದವು. ಹಣೆಯ ಮೇಲೆ ಬೆವರು. ತುಟಿ ಕಚ್ಚಿಕೊಂಡು ಮತ್ತೆ ಪ್ರಯತ್ನಿಸಿದ. ತೋಳು ಏರಲಿಲ್ಲ, ಅದರ ಬದಲು ಭುಜವೇ ಕಿವಿಯ ಕಡೆಗೆ ಎದ್ದು ಬಂತು. ಕೀಲು ಜಾಮಾದವರ ಭುಜ ಹೀಗೆಯೇ ಮೋಸ ಮಾಡುತ್ತದೆಂದು ಅಕ್ಕ ಎಷ್ಟು ಜನರಿಗೆ ಹೇಳಿರಲಿಲ್ಲ! ದಿನವೂ ತನ್ನ ಕೈಯಲ್ಲೇ ತಿಕ್ಕಿದ ಈ ಭುಜವನ್ನು ಅವಳು ಆವತ್ತು ಹೊರಗಿನವರ ಭುಜದಂತೆ ಮೊದಲ ಸಲ ನೋಡಿದಳು.

"ಅವರು ಬಿದ್ದದ್ದು ನಾನು ಬಿದ್ದ ಮೇಲಲ್ವಾ ಅಕ್ಕ?" ಗೋಡೆಯ ಕಡೆಗೇ ನೋಡುತ್ತ ಅವನು ಕೇಳಿದ.

"ಹೂಂ."

"ನನಗೂ ಅವರಿಗೆ ಹೇಳಿದ ಹಾಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆನಲ್ಲೋ. ದಿನಾ ಹೇಳ್ತಿದ್ದೆ, ಗೋಡೆ ಹತ್ರ ನಿಲ್ಲು ಅಂತ. ನೀನು ಅಕ್ಕಾ ಅಂತ ಕೂಗಿಕೊಳ್ತಿದ್ದೆ."

"ನಾನು ಕೂಗಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಅವರು ಕೂಗಿದ್ರೆ ಇನ್ನೊಂಚೂರು ಅಂತಿದ್ದೆ. ನಾನು ಇಲ್ಲೇ ಮಲಗಿ ಎಲ್ಲಾ ಕೇಳಿಸ್ಕೊಂಡಿದ್ದೀನಿ."

ಅಕ್ಕ ಮಂಚದ ಅಂಚಿನ ಮೇಲೆ ಕೂತಳು. ಸಿಟ್ಟು ಬಂತು, ತಪ್ಪು ಸಿಕ್ಕಿಬಿದ್ದಾಗ ಬರುವ ಸಿಟ್ಟು. "ನಿನ್ನ ತೋಳು, ನೀನು ಮಾಡ್ಬೇಕಿತ್ತು. ಚಿಕ್ಕ ಮಗೂನಾ ನೀನು? ನಿನಗೆ ಮತ್ತೆ ಏಣಿ ಹತ್ಬೇಕು ಅನ್ನೋ ಛಲ ಇದ್ದಿದ್ರೆ..."

"ಏಣಿ ಹತ್ಬೇಕು ಅಂತ ನಾನು ಯಾವತ್ತು ಹೇಳಿದೆ?"

ಅವಳು ತಲೆಯೆತ್ತಿ ನೋಡಿದಳು.

ಅವನು ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲದ ಮೇಲೆ ಕೂತ. "ನನಗೆ ಭಯ ಅಕ್ಕ. ಕಣ್ಣು ಮುಚ್ಚಿದ್ರೆ ಏಣಿ ಜಾರುತ್ತೆ. ಕೈ ಸರಿಹೋದ್ರೆ ಮತ್ತೆ ಹತ್ಬೇಕಲ್ಲ ಅಂತ... ಸರಿಹೋಗದೇ ಇದ್ರೂ ಆಗುತ್ತೆ ಅನ್ಸಿಬಿಡ್ತಿತ್ತು ಒಂದೊಂದು ದಿನ. ಗಂಡಸಾಗಿ ಇದನ್ನ ಯಾರ ಹತ್ರ ಹೇಳಲಿ? ಬಂದವರನ್ನೆಲ್ಲ ಏನು ಮಾಡ್ಬೇಕು ಅಂತ ಆಸೆ ಅಂತ ಕೇಳ್ತೀಯಲ್ಲ, ನನ್ನನ್ನೂ ಕೇಳ್ತೀಯೇನೋ ಅಂತ ಕಾಯ್ತಿದ್ದೆ. ನೀನು ಕೇಳ್ಲೇ ಇಲ್ಲ."

ಅವಳು ಕೇಳಿರಲಿಲ್ಲ. ತಾನು ಸಾಕಿದ ಹುಡುಗ, ಅವನ ಮನಸ್ಸು ತನಗೆ ಗೊತ್ತಿಲ್ಲವೇ ಎಂದುಕೊಂಡಿದ್ದಳು. ದಾರಿಹೋಕರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದವಳು ಇವನದನ್ನು ಊಹಿಸಿಬಿಟ್ಟಿದ್ದಳು.

"ಈಗ ಹೇಳು. ಏನು ಮಾಡ್ಬೇಕು ಅಂತ ಆಸೆ?" ಎಂದಳು.

"ಏಣಿ ಬೇಡ. ಕೆಳಗೆ ನಿಂತು ಬರೆಯೋ ಹಾಗಾದ್ರೆ ಸಾಕು. ಗೋಡೆ ಮೇಲೆ, ತಲೆ ಎತ್ತರಕ್ಕೆ ಒಂದು ಗೆರೆ ಎಳೆಯೋ ಹಾಗಾದ್ರೆ ಸಾಕು."

ತಲೆ ಎತ್ತರಕ್ಕೆ. ಅಷ್ಟು ಸಣ್ಣ ಆಸೆ. ಸರಿಯಾದ ಸಮಯದಲ್ಲಿ ಕೇಳಿದ್ದರೆ ದುಡಿದು ಪಡೆಯಬಹುದಾಗಿದ್ದ ಆಸೆ.

ಮರುದಿನವೇ ಅಕ್ಕ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರ್ ಗದರಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. ತೋಳನ್ನು ಎತ್ತಿ, ತಿರುಗಿಸಿ ನೋಡಿ, "ಕೀಲಿನ ಸುತ್ತ ಬಿಗಿದುಕೊಂಡುಬಿಟ್ಟಿದೆ. ಮೊದಲ ತಿಂಗಳುಗಳು ಮುಖ್ಯವಾಗಿದ್ದವು. ಈಗಲೂ ಮಾಡಿದರೆ ಸ್ವಲ್ಪ ಬರುತ್ತೆ. ಪೂರ್ತಿ ಬರುತ್ತೆ ಅಂತ ಹೇಳಲಾರೆ" ಎಂದರು. ಅಕ್ಕ ತಾನು ಮಾಲೀಶು ಮಾಡುವವಳೆಂದು ಅವರಿಗೆ ಹೇಳಲಿಲ್ಲ. ಎಣ್ಣೆಯ ವಾಸನೆ ಹತ್ತಿದ ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಅಂದಿನಿಂದ ಅವನು ಬೆಂಚಿನ ಮೇಲೆ ಕಾದ, ಹಗ್ಗ ಎಳೆದ. ಮನೆಯಲ್ಲಿ ಗೋಡೆಯ ಮುಂದೆ ನಿಂತ. ಅಕ್ಕ ಎದುರಿಗಿದ್ದರೆ ಅವನಿಗೆ ಕೂಗು ಬರುತ್ತಿತ್ತು, ಕೂಗಿದರೆ ಅವಳ ಕೈ ಮುಂದಕ್ಕೆ ಬರುತ್ತಿತ್ತು. ಆದ್ದರಿಂದ ಅವನು ಗೋಡೆಯ ಹತ್ತಿರ ಹೋದೊಡನೆ ಅವಳು ಮೆಟ್ಟಿಲಿಳಿದು ಇಸ್ತ್ರಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ಅವನು ಮುಗಿಸಿ ಕಿಟಕಿಯಿಂದ ಕರೆದ ಮೇಲೆ ಬಂದು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತಿದ್ದಳು. ಈಗ ಕತೆ ಇರಲಿಲ್ಲ, ನಗುವೂ ಇರಲಿಲ್ಲ. ಇಬ್ಬರೂ ಕೆಲಸದವರಂತೆ ಕೆಲಸ ಮಾಡುತ್ತಿದ್ದರು. ತೋಳು ಎದೆಯಿಂದ ಗಲ್ಲದವರೆಗೆ ಬಂತು. ಅವನು ತಾನೇ ಕ್ಷೌರ ಮಾಡಿಕೊಂಡ, ಅಂಗಿ ತೊಟ್ಟುಕೊಂಡ, ಅದೇ ಕೈಯಲ್ಲಿ ಉಂಡ. ಮುಂದೆ ಎಷ್ಟು ಪ್ರಯತ್ನಪಟ್ಟರೂ ಅದು ಗಲ್ಲ ಬಿಟ್ಟು ಮೇಲೆ ಏರಲಿಲ್ಲ.

ಆಮೇಲೆ ಅವನು ಹೊರಟ. ಜಗಳವಾಡಿ ಅಲ್ಲ. "ನಾನಿದ್ರೆ ನೀನು ನೆಲದ ಮೇಲೇ ಮಲಗ್ತೀಯ" ಎಂದು ಹೇಳಿ ಹೊರಟ. ಅವಳು ಚೀಲ ತುಂಬಿಕೊಡಲು ಕೈ ಹಾಕಿದಳು, ಹಿಂದಕ್ಕೆ ತೆಗೆದುಕೊಂಡಳು. ಅವನು ಒಂದೊಂದೇ ಬಟ್ಟೆಯನ್ನು ವಕ್ರವಕ್ರವಾಗಿ ಮಡಚಿ ತುಂಬಿಕೊಂಡ. ಮತ್ತೆಂದೂ ಅವನು ಆ ಮಾತೆತ್ತಲಿಲ್ಲ, ಅವಳನ್ನು ದೂರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅತ್ತು ಹಗುರಾಗಬಹುದಿತ್ತು.

ಒಂದು ದಿನ ಮಾಲೀಶಕ್ಕ ಬಸ್ ಹತ್ತಿದರೆ ಅದರಲ್ಲಿ ಅದೇ ಕಂಡಕ್ಟರ್. ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ಜೋಲಿ ಹೊಡೆಯುತ್ತ ಬರುತ್ತಿದ್ದವಳು ಅಕ್ಕನನ್ನು ನೋಡಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು: "ನೋಡ್ರೀ, ಇವರೇ! ನನಗೆ ಕೈ ಕೊಟ್ಟವರು ಇವರೇ!" ಕೈ ಕೊಟ್ಟವರು ಎಂದರೆ ಮೋಸ ಮಾಡಿದವರೆಂದೂ ಆಗುತ್ತದಲ್ಲ, ಯಾರೋ ಹುಬ್ಬೇರಿಸಿದರು. "ಥೂ, ಹಾಗಲ್ರೀ, ನಿಜವಾದ ಕೈ!" ಎಂದು ಅವಳು ತೋಳು ಆಡಿಸಿ ತೋರಿಸಿದಾಗ ಬಸ್ಸೆಲ್ಲ ನಕ್ಕಿತು. ಅಕ್ಕನೂ ನಗಲು ನೋಡಿದಳು. ನಾನು ಕೊಟ್ಟದ್ದಲ್ಲ, ನೀವೇ ಗಳಿಸಿಕೊಂಡದ್ದು ಎಂದು ಹೇಳಬೇಕೆನಿಸಿತು. ತಾನು ನಿಜವಾಗಿ ಕೈ ಕೊಟ್ಟದ್ದು ಯಾರಿಗೆ ಎಂಬುದು ಆ ನಗುವಿನ ನಡುವೆ ನೆನಪಾಗಿ, ಇಳಿಯುವ ಜಾಗಕ್ಕಿಂತ ಮೊದಲೇ ಇಳಿದು ನಡೆದುಕೊಂಡು ಹೋದಳು.

ಅವಳ ಕೆಲಸ ನಿಲ್ಲಲಿಲ್ಲ, ಕೈಯ ಹಿಡಿತವೂ ಸಡಿಲವಾಗಲಿಲ್ಲ. ಬದಲಾದದ್ದು ಒಂದೇ: ರೋಗಿಯ ಜೊತೆಗೆ ಬಂದವರನ್ನು ಈಗ ಅವಳು ಹೆಚ್ಚು ಗಮನಿಸುತ್ತಿದ್ದಳು. ಒಮ್ಮೆ ಮೊಣಕಾಲು ಮಡಚಲಾಗದ ಗಂಡನನ್ನು ಹೆಂಡತಿ ಕರೆತಂದಳು. ಅವನನ್ನು ಏನು ಕೇಳಿದರೂ ಉತ್ತರ ಅವಳದೇ.

"ಇವರಿಗೆ ಕೆಳಗೆ ಕೂರೋ ಹಾಗಾಗ್ಬೇಕು ಅಕ್ಕ. ಅಲ್ಲೀವರೆಗೆ ನಾನೇ ಎಲ್ಲಾ ಮಾಡ್ತೀನಿ, ಸಾಕ್ಸ್ ಕೂಡ ನಾನೇ ಹಾಕೋದು. ಇವರಿಗೆ ಏನೂ ತೊಂದ್ರೆ ಕೊಡಲ್ಲ."

ಮಾಲೀಶಕ್ಕ ಅವನಿಗೆ ಗೋಡೆ ಹಿಡಿದು ಮಂಡಿ ಮಡಚುವುದನ್ನು ತೋರಿಸಿ, ಹೆಂಡತಿಯನ್ನು ಹೊರಗೆ ಕರೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಒಳಗಿನಿಂದ ಅವನು ನರಳುವುದು ಕೇಳಿಸಿತು. ಹೆಂಡತಿ ಥಟ್ಟನೆ ಎದ್ದಳು. ಮಾಲೀಶಕ್ಕ ಅವಳ ಕೈ ಹಿಡಿದುಕೊಂಡಳು.

"ಕೂತ್ಕೊಳ್ಳಮ್ಮ."

"ನೋಯ್ತಿದೆ ಅವರಿಗೆ!"

"ನೋಯುತ್ತೆ. ನೀನು ಹೋದ್ರೆ ನಿಲ್ಲಿಸ್ತಾರೆ. ನಾನು ನನ್ನ ತಮ್ಮನಿಗೆ ಹೀಗೇ ಮಾಡಿದೆ. ಅವನು ಕೂಗಿದಾಗೆಲ್ಲ ಓಡಿ ಹೋದೆ. ಈಗ ಅವನ ಕೈ ಇಷ್ಟೇ ಮೇಲೆ ಹೋಗೋದು." ತನ್ನ ಗಲ್ಲ ಮುಟ್ಟಿ ತೋರಿಸಿದಳು.

ಹೆಂಡತಿ ಮತ್ತೆ ಕೂತಳು. ಒಳಗಿನ ನರಳಾಟ ನಿಲ್ಲುವವರೆಗೂ ಇಬ್ಬರೂ ಪರಸ್ಪರ ಕೈ ಹಿಡಿದುಕೊಂಡೇ ಇದ್ದರು.

ತಮ್ಮ ಈಗ ಬಣ್ಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ತಗಡನ್ನು ನೆಲದ ಮೇಲೆ ಮಲಗಿಸಿ, ಅದರ ಸುತ್ತ ಕುಕ್ಕರಗಾಲಿನಲ್ಲಿ ಸರಿಯುತ್ತ ಬರೆಯುತ್ತಾನೆ. ವಾಹನಗಳ ನಂಬರ್ ಪ್ಲೇಟು, ಮನೆಯ ಬಾಗಿಲಿಗೆ ಹಾಕುವ ಹೆಸರಿನ ಹಲಗೆ. ದೊಡ್ಡ ಬೋರ್ಡು ಬಂದರೆ ಬೇರೆಯವರ ಹತ್ತಿರ ಕಳಿಸುತ್ತಾನೆ. ಅಕ್ಷರ ಮೊದಲಿನಷ್ಟೇ ದಪ್ಪ, ಮೊದಲಿನಷ್ಟೇ ಚೆಂದ. ಗೆಳೆಯರು ಹೇಳುವ ಪ್ರಕಾರ ಮಾತು ಮಾತ್ರ ಸಣ್ಣಕ್ಷರವಾಗಿದೆ.

ಅಕ್ಕ ಆಗಾಗ ಊಟದ ಡಬ್ಬಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತಾಳೆ. ಮೊನ್ನೆ ಹೋದಾಗ ಅವನು ಶಾಲೆಯೊಂದಕ್ಕೆ ಉದ್ದನೆಯ ಹಲಗೆ ಬರೆಯುತ್ತಿದ್ದ. ಅವಳು ಬಾಗಿಲ ಹತ್ತಿರ ನಿಂತು ನೋಡಿದಳು. ಒಂದು ಅಕ್ಷರ ಮುಗಿದ ಮೇಲೆ ಅವನು ನೆಲಕ್ಕೆ ಎಡಗೈ ಊರಿ ಎದ್ದು, ಆ ಕಡೆಗೆ ನಡೆದು, ಮತ್ತೆ ಕೂತು, ಮುಂದಿನ ಅಕ್ಷರ ಹಿಡಿಯುತ್ತಿದ್ದ. ಗೋಡೆಗೆ ಒರಗಿಸಿದ್ದರೆ ನಿಂತುಕೊಂಡೇ ಒಂದೊಂದು ಹೆಜ್ಜೆ ಸರಿದು ಬರೆಯಬಹುದಾದದ್ದು. ಅವನಿಗೆ ಬೆನ್ನು ನೋವು ಶುರುವಾಗಿದೆ ಎಂಬುದು ಅವನು ಏಳುವ ರೀತಿಯಲ್ಲೇ ಅವಳಿಗೆ ತಿಳಿಯಿತು.

"ಬೆನ್ನು ಹಿಡ್ಕೊಂಡಿದೆಯಾ?"

"ಸ್ವಲ್ಪ."

"ಬಂದು ತೋರಿಸ್ಕೋ."

"ಬರ್ತೀನಿ ಅಕ್ಕ" ಎಂದ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟಳು. ಹಲಗೆಯ ತುದಿ ಒಂದಿಷ್ಟು ಗೋಡೆಯ ಕಡೆಗೆ ಸರಿದಿತ್ತು, ಅವನಿಗೆ ಆಚೆ ಕಡೆ ಕೂರಲು ಜಾಗ ಸಾಲದು ಎನಿಸಿ, ಎಳೆದುಕೊಡಲು ಬಗ್ಗಿದಳು.

"ಮುಟ್ಟಬೇಡ ಅಕ್ಕ, ಬಣ್ಣ ಇನ್ನೂ ಹಸಿ" ಎಂದ ಅವನು. ದನಿಯಲ್ಲಿ ಕೋಪವಿರಲಿಲ್ಲ.

ಅವಳು ನೆಟ್ಟಗೆ ನಿಂತು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ಅವನು ಗೋಡೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಮೈಯನ್ನು ಹೇಗೋ ತೂರಿಸಿಕೊಂಡು ಕೂತು, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಅರ್ಧಕ್ಕೆ ನಿಂತಿದ್ದ ಅಕ್ಷರವನ್ನು ಮುಂದುವರಿಸಿದ.